ಸಿಂಗಲ್ ಬೋರ್ಡ್ ಕಂಪ್ಯೂಟರ್‌ನಲ್ಲಿ ಈಥರ್‌ಕ್ಯಾಟ್ ಮಾಸ್ಟರ್ ಕಟ್ಟುವ ಕ್ರಮ

ರಾಸ್ಪ್‌ಬೆರಿ ಪೈ 4ರಂಥ ಅಂಗೈಯಗಲದ ಬೋರ್ಡ್‌ಗೆ ಲಿನಕ್ಸ್ ಹಾಕಿ, ಕಾರ್ಖಾನೆಯ ಇನ್‌ಪುಟ್-ಔಟ್‌ಪುಟ್ ಮಾಡ್ಯೂಲ್‌ಗಳನ್ನೂ ಸರ್ವೋ ಡ್ರೈವ್‌ಗಳನ್ನೂ (ಮೋಟರನ್ನು ನಿಖರವಾಗಿ ತಿರುಗಿಸುವ ಸಾಧನಗಳು) ಈಥರ್‌ಕ್ಯಾಟ್ ಎಂಬ ಕೈಗಾರಿಕಾ ಜಾಲದ ಮೂಲಕ ಅದರಿಂದಲೇ ನಡೆಸಬಹುದು. ಈ ಜಾಲವನ್ನು ನಡೆಸುವ ಕಂಪ್ಯೂಟರೇ ಮಾಸ್ಟರ್, ಅದರ ಆದೇಶ ಪಾಲಿಸುವ ಸಾಧನಗಳು ಸ್ಲೇವ್‌ಗಳು. ಇದಕ್ಕೆ ಬೇಕಾದ ಲೈಬ್ರರಿಗಳ ಮೂಲ ಸಂಕೇತ ಎಲ್ಲರಿಗೂ ಸಿಗುತ್ತದೆ, ಕಂಪೈಲ್ ಮಾಡಲು ಕೆಲವೇ ನಿಮಿಷ ಸಾಕು. ಆದರೆ ಪ್ರತಿ ಮಿಲಿಸೆಕೆಂಡಿಗೊಮ್ಮೆ ತಪ್ಪದೆ ಒಂದು ಫ್ರೇಮ್ (ಜಾಲದಲ್ಲಿ ಸಾಗುವ ಮಾಹಿತಿಯ ಕಂತೆ) ಹೊರಡಬೇಕು ಎಂಬ ಶರತ್ತನ್ನು ಆ ಬೋರ್ಡ್ ಹಗಲು ರಾತ್ರಿ ಪಾಲಿಸುವಂತೆ ಮಾಡುವುದೇ ನಿಜವಾದ ಕೆಲಸ. ಆದ್ದರಿಂದ ಈ ಬರಹದಲ್ಲಿ ಲೈಬ್ರರಿಯ ಮಾತು ಕೊನೆಯ ಅರ್ಧದಲ್ಲಿ ಬರುತ್ತದೆ. ಮೊದಲು ಕರ್ನಲ್ (ಲಿನಕ್ಸ್‌ನ ತಿರುಳು), ಅನಂತರ ಅಳತೆ, ಆಮೇಲೆ ನೆಟ್‌ವರ್ಕ್ ಪೋರ್ಟ್: ಇದೇ ಅನುಕ್ರಮದಲ್ಲಿ ಕೆಲಸ ಮಾಡಿದರೆ ಮುಂದೆ ದೋಷ ಕಂಡಾಗ ಅದು ಯಾವ ಹಂತದ್ದೆಂದು ಗುರುತಿಸುವುದು ಸುಲಭವಾಗುತ್ತದೆ.

ಸಮಯದ ಲೆಕ್ಕ

ಈಥರ್‌ಕ್ಯಾಟ್ ಅನ್ನು ಬೆಕ್‌ಹಾಫ್ ಕಂಪನಿ 2003ರಲ್ಲಿ ಪರಿಚಯಿಸಿತು. ಇದು ಇಂದು ಐಇಸಿ 61158 ಮಾನದಂಡದ ಭಾಗವಾಗಿದೆ. ಮಾಸ್ಟರ್ ಕಳುಹಿಸಿದ ಒಂದೇ ಫ್ರೇಮ್ ಎಲ್ಲ ಸ್ಲೇವ್‌ಗಳ ಮೂಲಕ ಹಾದುಹೋಗುತ್ತದೆ. ಪ್ರತಿಯೊಂದು ಸ್ಲೇವ್ ಫ್ರೇಮ್ ಅನ್ನು ನಿಲ್ಲಿಸಿ ಇಟ್ಟುಕೊಳ್ಳದೆ, ಅದು ಹರಿಯುತ್ತಿರುವಾಗಲೇ ತನ್ನ ಪಾಲಿನ ಬೈಟ್‌ಗಳನ್ನು ಓದಿಕೊಂಡು ತನ್ನ ಮಾಹಿತಿಯನ್ನು ಸೇರಿಸಿಬಿಡುತ್ತದೆ. ಕೊನೆಯ ಸ್ಲೇವ್ ತಲುಪಿದ ಫ್ರೇಮ್ ಅದೇ ಕೇಬಲ್‌ನಲ್ಲಿ ಹಿಂದಿರುಗುತ್ತದೆ. ಸ್ಲೇವ್‌ಗಳಲ್ಲಿ ಇದಕ್ಕಾಗಿಯೇ ಮಾಡಿದ ಚಿಪ್ ಬೇಕು. ಮಾಸ್ಟರ್ ಕಡೆ ಮಾತ್ರ ಸಾಮಾನ್ಯ ಈಥರ್ನೆಟ್ ಪೋರ್ಟ್ ಸಾಕಾಗುತ್ತದೆ, ಪುಟ್ಟ ಬೋರ್ಡ್ ಈ ಕೆಲಸಕ್ಕೆ ಒದಗುವುದು ಈ ಕಾರಣದಿಂದಲೇ.

ತಂತಿಯ ವೇಗ ಸೆಕೆಂಡಿಗೆ 100 ಮೆಗಾಬಿಟ್. ಅತಿ ಚಿಕ್ಕ ಈಥರ್ನೆಟ್ ಫ್ರೇಮ್ 64 ಬೈಟ್. ಅದರ ಮುಂಚಿನ 8 ಬೈಟ್‌ಗಳ ಪೀಠಿಕೆಯನ್ನೂ ಎರಡು ಫ್ರೇಮ್‌ಗಳ ನಡುವೆ ಬಿಡಬೇಕಾದ 12 ಬೈಟ್‌ಗಳ ಅಂತರವನ್ನೂ ಸೇರಿಸಿದರೆ 84 ಬೈಟ್, ಅಂದರೆ 6.72 ಮೈಕ್ರೋಸೆಕೆಂಡ್. ಅತಿ ದೊಡ್ಡ ಫ್ರೇಮ್‌ಗೆ ಇದೇ ಲೆಕ್ಕದಲ್ಲಿ ಸುಮಾರು 123 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ಹತ್ತಾರು ಸ್ಲೇವ್‌ಗಳ ಮೂಲಕ ಹಾದುಬರುವ ವಿಳಂಬವನ್ನು ಕೂಡಿಸಿದರೂ ಒಂದು ಮಿಲಿಸೆಕೆಂಡಿನ ಆವರ್ತದಲ್ಲಿ ತಂತಿಯ ಪಾಲು ಸಣ್ಣದು. ಸಮಯ ಪೋಲಾಗುವುದು ಕಂಪ್ಯೂಟರಿನ ಒಳಗೆ: ಪ್ರೋಗ್ರಾಮ್ ಎಚ್ಚರಗೊಳ್ಳಲು ತಡವಾಗುತ್ತದೆ, ಪ್ರೊಸೆಸರ್ ಬೇರೆ ಕೆಲಸದಲ್ಲಿ ಸಿಕ್ಕಿಕೊಂಡಿರುತ್ತದೆ, ಬಂದ ಫ್ರೇಮ್ ಕರ್ನಲ್‌ನ ಸರತಿಯಲ್ಲಿ ಕಾಯುತ್ತಿರುತ್ತದೆ. ಮುಂದಿನ ಹಂತಗಳೆಲ್ಲ ಈ ಮೂರು ವಿಳಂಬಗಳನ್ನು ಕಟ್ಟಿಹಾಕುವುದಕ್ಕಾಗಿಯೇ ಇವೆ.

ಬೋರ್ಡ್ ಆರಿಸುವಾಗ ನೋಡಬೇಕಾದದ್ದು

ಪ್ರೊಸೆಸರ್ ಎಷ್ಟು ವೇಗದ್ದು ಎನ್ನುವುದಕ್ಕಿಂತ ಈಥರ್ನೆಟ್ ಪೋರ್ಟ್ ಯಾವ ದಾರಿಯಲ್ಲಿ ಪ್ರೊಸೆಸರನ್ನು ತಲುಪುತ್ತದೆ ಎನ್ನುವುದು ಇಲ್ಲಿ ಮುಖ್ಯ. ರಾಸ್ಪ್‌ಬೆರಿ ಪೈ 3ರಲ್ಲಿ, ಹಾಗೆಯೇ 3ಬಿ ಪ್ಲಸ್‌ನಲ್ಲಿ, ಈಥರ್ನೆಟ್ ಯುಎಸ್‌ಬಿ 2ರ ಮೂಲಕ ಜೋಡಣೆಯಾಗಿದೆ. ಯುಎಸ್‌ಬಿ ವ್ಯವಸ್ಥೆ ತನ್ನದೇ ವೇಳಾಪಟ್ಟಿಯಲ್ಲಿ ಮಾಹಿತಿ ಸಾಗಿಸುವುದರಿಂದ ಫ್ರೇಮ್ ಹೊರಡುವ ಕ್ಷಣದ ಮೇಲೆ ನಮ್ಮ ಹಿಡಿತ ತಪ್ಪುತ್ತದೆ. ಆವರ್ತ ಚಿಕ್ಕದಾದಷ್ಟೂ ಈ ಏರುಪೇರು ಹೆಚ್ಚು ಕಾಡುತ್ತದೆ. 2019ರಲ್ಲಿ ಬಂದ ಪೈ 4ರಲ್ಲಿ ಈಥರ್ನೆಟ್ ನಿಯಂತ್ರಕ ಮುಖ್ಯ ಚಿಪ್‌ನ ಒಳಗೇ ಇದೆ. 2023ರ ಪೈ 5ರಲ್ಲಿ ಅದು ಆರ್‌ಪಿ1 ಎಂಬ ಜೊತೆ ಚಿಪ್‌ನಲ್ಲಿದ್ದು, ಪಿಸಿಐ ಎಕ್ಸ್‌ಪ್ರೆಸ್ ಮೂಲಕ ಸಂಪರ್ಕ ಹೊಂದಿದೆ. ಇವೆರಡರಲ್ಲಿ ಯಾವುದಾದರೂ ಆಗಬಹುದು. ಇಲ್ಲಿ ಪೈ 4 ಅನ್ನು ಆಧಾರವಾಗಿ ಇಟ್ಟುಕೊಂಡಿದ್ದೇನೆ.

ಈ ಬೋರ್ಡ್‌ಗಳಲ್ಲಿ ಈಥರ್ನೆಟ್ ಪೋರ್ಟ್ ಒಂದೇ ಇರುವುದರಿಂದ ಅದನ್ನು ಪೂರ್ತಿಯಾಗಿ ಈಥರ್‌ಕ್ಯಾಟ್‌ಗೇ ಮೀಸಲಿಡಬೇಕು. ಬೋರ್ಡ್‌ಗೆ ಲಾಗಿನ್ ಆಗಲು ವೈಫೈ ಅಥವಾ ಯುಎಸ್‌ಬಿ ಈಥರ್ನೆಟ್ ಅಡಾಪ್ಟರ್ ಬಳಸಿ. ಇದನ್ನು ಅದಲು ಬದಲು ಮಾಡಿ ಅಡಾಪ್ಟರ್‌ನಲ್ಲಿ ಈಥರ್‌ಕ್ಯಾಟ್ ಓಡಿಸಿದರೆ ಪೈ 3ರ ತೊಂದರೆಯನ್ನು ನಾವೇ ಮರಳಿ ತಂದುಕೊಂಡಂತಾಗುತ್ತದೆ.

ಕರ್ನಲ್ ಕಟ್ಟುವುದು

ರಿಯಲ್ ಟೈಮ್ ವರ್ತನೆಗೆ, ಅಂದರೆ ಕೆಲಸ ನಿಗದಿತ ಕ್ಷಣದಲ್ಲೇ ನಡೆಯುವುದಕ್ಕೆ, ಬೇಕಾದ ಪ್ರಿಎಂಪ್ಟ್ ಆರ್‌ಟಿ ಎಂಬ ಸೌಲಭ್ಯ ಬಹಳ ವರ್ಷ ಪ್ರತ್ಯೇಕ ಪ್ಯಾಚ್ ಆಗಿತ್ತು. 2024ರ ನವೆಂಬರಿನಲ್ಲಿ ಬಿಡುಗಡೆಯಾದ ಲಿನಕ್ಸ್ 6.12ರಿಂದ ಅದು ಮುಖ್ಯ ಕರ್ನಲ್‌ನಲ್ಲೇ ಸೇರಿದೆ. ಆದ್ದರಿಂದ ರಾಸ್ಪ್‌ಬೆರಿ ಪೈ ಸಂಸ್ಥೆಯ ಕರ್ನಲ್ ಭಂಡಾರದಿಂದ 6.12 ಅಥವಾ ಅದಕ್ಕಿಂತ ಹೊಸ ಶಾಖೆಯನ್ನು ಪಡೆದರೆ ಪ್ಯಾಚ್ ಹಚ್ಚುವ ಕೆಲಸವೇ ಇಲ್ಲ. ಗಿಟ್ ಕ್ಲೋನ್ ಮಾಡುವಾಗ ಡೆಪ್ತ್ 1 ಎಂದು ಕೊಟ್ಟರೆ ಹಳೆಯ ಇತಿಹಾಸವೆಲ್ಲ ಇಳಿಯದೆ ಸಮಯವೂ ಜಾಗವೂ ಉಳಿಯುತ್ತವೆ.

ಕರ್ನಲ್ ಅನ್ನು ಬೋರ್ಡ್‌ನಲ್ಲೇ ಕಂಪೈಲ್ ಮಾಡಬಹುದಾದರೂ ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಡೆಬಿಯನ್ ಅಥವಾ ಉಬುಂಟು ಇರುವ ಪಿಸಿಯಲ್ಲಿ 64 ಬಿಟ್ ಆರ್ಮ್‌ನ ಕ್ರಾಸ್ ಕಂಪೈಲರ್ ಸ್ಥಾಪಿಸಿಕೊಂಡು ಅಲ್ಲೇ ಕಟ್ಟುವುದು ಮೇಲು. ಪೈ 4ಕ್ಕೆ ಬಿಸಿಎಂ2711 ಹೆಸರಿನ ಡೆಫ್‌ಕಾನ್ಫಿಗ್ (ಸಿದ್ಧ ಆಯ್ಕೆಗಳ ಕಡತ), ಪೈ 5ಕ್ಕೆ ಬಿಸಿಎಂ2712 ಹೆಸರಿನದು. ಅದನ್ನು ಅನ್ವಯಿಸಿದ ಮೇಲೆ ಆಯ್ಕೆಗಳನ್ನು ಬದಲಿಸುವ ಮೆನುಕಾನ್ಫಿಗ್ ತೆರೆಯಬೇಕು. ಇಲ್ಲಿ ಹಲವರು ಗೊಂದಲಕ್ಕೆ ಬೀಳುತ್ತಾರೆ: ಸಾಮಾನ್ಯ ಸೆಟಪ್ ವಿಭಾಗದಲ್ಲಿ ಎಕ್ಸ್‌ಪರ್ಟ್ ಆಯ್ಕೆಯನ್ನು ಆನ್ ಮಾಡುವವರೆಗೆ ಪೂರ್ಣ ಪ್ರಿಎಂಪ್ಟಿಬಲ್ ಕರ್ನಲ್ ಎಂಬ ಆಯ್ಕೆ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಜೊತೆಗೆ ಲೋಕಲ್ ವರ್ಷನ್ ಜಾಗದಲ್ಲಿ ಆರ್‌ಟಿ ಎಂದು ಏನಾದರೂ ಗುರುತು ಹಾಕಿ. ಆಗ ಹೊಸ ಮಾಡ್ಯೂಲ್‌ಗಳು ಬೇರೆ ಕೋಶಕ್ಕೆ ಹೋಗಿ, ಹಳೆಯ ಕರ್ನಲ್‌ನ ಮಾಡ್ಯೂಲ್‌ಗಳು ಹಾಗೇ ಉಳಿಯುತ್ತವೆ.

ಇಮೇಜ್, ಮಾಡ್ಯೂಲ್‌ಗಳು ಮತ್ತು ಡಿವೈಸ್ ಟ್ರೀ (ಬೋರ್ಡ್‌ನ ಯಂತ್ರಾಂಶದ ವಿವರ) ಕಡತಗಳನ್ನು ಕಟ್ಟಿದ ಮೇಲೆ, ಹೊಸ ಇಮೇಜನ್ನು ಹಳೆಯದರ ಮೇಲೆ ಬರೆಯದೆ ಬೇರೆ ಹೆಸರಿನಲ್ಲಿ ಬೂಟ್ ವಿಭಾಗಕ್ಕೆ ನಕಲಿಸಿ, ಕಾನ್ಫಿಗ್ ಕಡತದ ಕರ್ನಲ್ ಸಾಲಿನಲ್ಲಿ ಆ ಹೆಸರನ್ನು ಕೊಡಿ. ಹೊಸದು ಬೂಟ್ ಆಗದಿದ್ದರೆ ಕಾರ್ಡನ್ನು ಪಿಸಿಗೆ ಹಾಕಿ ಆ ಒಂದು ಸಾಲನ್ನು ಅಳಿಸಿದರೆ ಸಾಕು, ಹಳೆಯ ಕರ್ನಲ್ ಮರಳುತ್ತದೆ. ಬೂಟ್ ಆದ ಬಳಿಕ ಯುನೇಮ್ ಆದೇಶದ ಉತ್ತರದಲ್ಲಿ ಪ್ರಿಎಂಪ್ಟ್ ಆರ್‌ಟಿ ಎಂಬ ಪದಗಳು ಕಾಣಬೇಕು. ಬರೀ ಪ್ರಿಎಂಪ್ಟ್ ಎಂದಿದ್ದರೆ ಆಯ್ಕೆ ಸರಿಯಾಗಿ ಉಳಿದಿಲ್ಲ ಎಂದು ತಿಳಿಯಬೇಕು.

ಅಳತೆ

ಲೈಬ್ರರಿಯನ್ನು ಮುಟ್ಟುವ ಮೊದಲು ಬೋರ್ಡ್ ಎಷ್ಟು ಸಮಯಪಾಲನೆ ಮಾಡುತ್ತದೆ ಎಂದು ಅಳೆಯಬೇಕು. ಆರ್‌ಟಿ ಟೆಸ್ಟ್ಸ್ ಪ್ಯಾಕೇಜ್‌ನಲ್ಲಿರುವ ಸೈಕ್ಲಿಕ್‌ಟೆಸ್ಟ್ ಇದಕ್ಕೆ ಸರಿಯಾದ ಸಲಕರಣೆ. ಮೆಮೊರಿ ಲಾಕ್ ಆಯ್ಕೆಯೊಂದಿಗೆ, ಪ್ರತಿ ಕೋರ್‌ಗೂ ಒಂದೊಂದು ತ್ರೆಡ್ (ಪ್ರೋಗ್ರಾಮ್‌ನೊಳಗೆ ತನ್ನಷ್ಟಕ್ಕೆ ಓಡುವ ಎಳೆ), ಆದ್ಯತೆ 90, ಅಂತರ 1000 ಮೈಕ್ರೋಸೆಕೆಂಡ್ ಎಂದು ಕೊಟ್ಟು ಓಡಿಸಿ. ಪರದೆಯ ಮೇಲೆ ಪ್ರತಿ ತ್ರೆಡ್‌ಗೂ ಕನಿಷ್ಠ, ಈಗಿನ, ಸರಾಸರಿ ಮತ್ತು ಗರಿಷ್ಠ ವಿಳಂಬ ಬರುತ್ತಿರುತ್ತದೆ. ನೋಡಬೇಕಾದದ್ದು ಗರಿಷ್ಠದ ಅಂಕಣ. ಸರಾಸರಿ ಎಂಬುದು ಇಲ್ಲಿ ಕಣ್ಣಿಗೆ ಹಿತವಾದ, ಕೆಲಸಕ್ಕೆ ಬಾರದ ಸಂಖ್ಯೆ. ಲಕ್ಷ ಆವರ್ತಗಳಲ್ಲಿ ಒಂದು ತಪ್ಪಿದರೂ ಡ್ರೈವ್ ದೋಷ ತೋರಿಸಿ ನಿಲ್ಲಬಹುದು.

ಬೋರ್ಡ್ ಸುಮ್ಮನಿರುವಾಗ ತೆಗೆದ ಅಳತೆಗೂ ಬೆಲೆಯಿಲ್ಲ. ಸ್ಟ್ರೆಸ್ ಎನ್‌ಜಿಯಿಂದ ಪ್ರೊಸೆಸರ್ ಮತ್ತು ಮೆಮೊರಿಯ ಮೇಲೆ ಹೊರೆ ಹಾಕಿ, ವೈಫೈ ಮೂಲಕ ದೊಡ್ಡ ಕಡತವೊಂದನ್ನು ನಕಲಿಸುತ್ತಾ, ಎಸ್‌ಡಿ ಕಾರ್ಡ್‌ಗೆ ಬರೆಯುತ್ತಾ, ರಾತ್ರಿಯಿಡೀ ಪರೀಕ್ಷೆ ನಡೆಯಲು ಬಿಡಿ. ಸಾಮಾನ್ಯ ಕರ್ನಲ್‌ನಲ್ಲಿ ಇಂಥ ಹೊರೆಯಡಿ ಗರಿಷ್ಠ ವಿಳಂಬ ನೂರಾರು ಮೈಕ್ರೋಸೆಕೆಂಡ್ ದಾಟುವುದುಂಟು. ಆರ್‌ಟಿ ಕರ್ನಲ್ ಹಾಕಿದ ಪೈ 4ರಲ್ಲಿ ಅದು ನೂರರ ಆಸುಪಾಸಿನಲ್ಲೋ ಅದಕ್ಕಿಂತ ಕೆಳಗೋ ನಿಲ್ಲುವುದನ್ನು ನಿರೀಕ್ಷಿಸಬಹುದು. ನನ್ನ ಮಟ್ಟಿಗೆ, ಹೊರೆಯಡಿಯ ಗರಿಷ್ಠ ವಿಳಂಬ ಆವರ್ತದ ಐದನೇ ಒಂದು ಭಾಗವನ್ನು ಮೀರಿದರೆ ಮುಂದಿನ ಹಂತಕ್ಕೆ ಹೋಗಬಾರದು.

ಮೀರುತ್ತಿದ್ದರೆ ಮೂರು ಕಡೆ ಕೈ ಹಾಕಿ. ಮೊದಲನೆಯದು, ಪ್ರೊಸೆಸರ್ ಆವರ್ತನವನ್ನು ನಿರ್ಧರಿಸುವ ಗವರ್ನರ್ ಅನ್ನು ಪರ್ಫಾರ್ಮೆನ್ಸ್‌ಗೆ ಬದಲಿಸುವುದು. ಎರಡನೆಯದು, ಬೂಟ್ ಸಾಲಿನಲ್ಲಿ ಐಸೋಲ್‌ಸಿಪಿಯುಎಸ್ ಮೂಲಕ ಕೊನೆಯ ಕೋರನ್ನು, ಅಂದರೆ 3ನೆಯದನ್ನು, ಉಳಿದ ಕೆಲಸಗಳಿಂದ ಬೇರ್ಪಡಿಸಿ ನಮ್ಮ ಆವರ್ತದ ತ್ರೆಡ್‌ಗೆ ಬಿಟ್ಟುಕೊಡುವುದು. ಮೂರನೆಯದು ವಿದ್ಯುತ್ ಮತ್ತು ಶಾಖ. ವೋಲ್ಟೇಜ್ ಕುಸಿದರೆ ಅಥವಾ ಚಿಪ್‌ನ ತಾಪಮಾನ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೋರ್ಡ್ ತಾನಾಗಿಯೇ ವೇಗ ತಗ್ಗಿಸುತ್ತದೆ. ವಿಸಿಜೆನ್‌ಸಿಎಂಡಿಯ ಗೆಟ್ ಥ್ರಾಟಲ್ಡ್ ಆದೇಶ ಸೊನ್ನೆ ಬಿಟ್ಟು ಬೇರೇನಾದರೂ ತೋರಿಸಿದರೆ, ಬೂಟ್ ಆದಾಗಿನಿಂದ ಎಂದೋ ಒಮ್ಮೆ ಹಾಗಾಗಿದೆ ಎಂದರ್ಥ. ಹೀಟ್ ಸಿಂಕ್ ಮತ್ತು ಒಳ್ಳೆಯ ಪವರ್ ಸಪ್ಲೈ ಇಲ್ಲದೆ ಈ ಕೆಲಸವನ್ನು ಆರಂಭಿಸಲೇಬಾರದು.

ಪೋರ್ಟ್ ಅನ್ನು ಮೀಸಲಿಡುವುದು

ಈಥರ್‌ಕ್ಯಾಟ್ ಫ್ರೇಮ್‌ಗೆ ಐಪಿ ವಿಳಾಸ ಬೇಡ. ಅದು ಹೆಕ್ಸ್ 88ಎ4 ಎಂಬ ತನ್ನದೇ ಈಥರ್‌ಟೈಪ್‌ನಲ್ಲಿ (ಫ್ರೇಮ್‌ನ ಬಗೆ ಹೇಳುವ ಸಂಖ್ಯೆ) ಸಾಗುತ್ತದೆ. ಆದರೆ ಸಾಮಾನ್ಯ ಲಿನಕ್ಸ್ ಸುಮ್ಮನಿರುವುದಿಲ್ಲ. ಅದೇ ಪೋರ್ಟ್‌ನಲ್ಲಿ ಡಿಎಚ್‌ಸಿಪಿ ಕೋರಿಕೆ, ಐಪಿವಿ6 ಘೋಷಣೆ ಮುಂತಾದವನ್ನು ಕಳುಹಿಸುತ್ತಲೇ ಇರುತ್ತದೆ. ಆ ಫ್ರೇಮ್‌ಗಳು ನಮ್ಮ ಫ್ರೇಮ್‌ನ ಮುಂದೆ ಅಡ್ಡ ನಿಲ್ಲುತ್ತವೆ. ಆದ್ದರಿಂದ ನೆಟ್‌ವರ್ಕ್ ಮ್ಯಾನೇಜರ್‌ಗೆ ಈ ಪೋರ್ಟ್ ತನ್ನ ಪಾಲಿಗೆ ಇಲ್ಲವೆಂದು ಸೂಚಿಸಿ, ಐಪಿವಿ6 ನಿಲ್ಲಿಸಿ, ವಿಳಾಸ ಕೊಡದೆ ಪೋರ್ಟನ್ನು ಅಪ್ ಸ್ಥಿತಿಯಲ್ಲಿ ಮಾತ್ರ ಇಡಿ. ಈಥ್‌ಟೂಲ್ ಮೂಲಕ ಇಂಧನ ಉಳಿಸುವ ಇಇಇ ಸೌಲಭ್ಯವನ್ನು ಆಫ್ ಮಾಡಿ. ಇಂಟರಪ್ಟ್‌ಗಳನ್ನು (ಫ್ರೇಮ್ ಬಂತೆಂದು ಪ್ರೊಸೆಸರ್‌ಗೆ ಹೋಗುವ ಸೂಚನೆಗಳು) ಗುಂಪುಗೂಡಿಸಿ ತಡವಾಗಿ ಕೊಡುವ ಕೋಅಲೆಸಿಂಗ್ ಸಮಯವನ್ನು ಡ್ರೈವರ್ ಒಪ್ಪುವಷ್ಟು ಕೆಳಗಿಳಿಸಿ.

ಇನ್ನೊಂದು ವಿಷಯಕ್ಕೆ ಸ್ವಲ್ಪ ಹೆಚ್ಚು ಗಮನ ಬೇಕು. ಆರ್‌ಟಿ ಕರ್ನಲ್‌ನಲ್ಲಿ ಇಂಟರಪ್ಟ್ ನಿರ್ವಹಣೆಯೂ ಒಂದು ತ್ರೆಡ್ ಆಗಿ ನಡೆಯುತ್ತದೆ, ಅದರ ಮೂಲ ಆದ್ಯತೆ 50. ನಮ್ಮ ಆವರ್ತದ ತ್ರೆಡ್‌ಗೆ 90 ಕೊಟ್ಟು, ಎರಡೂ ಒಂದೇ ಕೋರ್‌ನಲ್ಲಿದ್ದು, ನಮ್ಮ ತ್ರೆಡ್ ಉತ್ತರಕ್ಕಾಗಿ ನಿದ್ರಿಸದೆ ಮತ್ತೆ ಮತ್ತೆ ಕೇಳುತ್ತಾ ಕುಳಿತರೆ ಏನಾಗುತ್ತದೆಂದು ಯೋಚಿಸಿ. ಫ್ರೇಮ್ ಪೋರ್ಟ್‌ಗೆ ಬಂದು ಬಿದ್ದಿರುತ್ತದೆ, ಆದರೆ ಅದನ್ನು ಒಳಗೆ ತರಬೇಕಾದ ತ್ರೆಡ್‌ಗೆ ಪ್ರೊಸೆಸರ್ ಸಿಗುವುದಿಲ್ಲ. ನಮ್ಮ ಪ್ರೋಗ್ರಾಮ್ ಬಾರದ ಉತ್ತರಕ್ಕೆ ಕಾದು ಕಾಲಮಿತಿ ಮೀರಿತೆಂದು ವರದಿ ಮಾಡುತ್ತದೆ. ಕೇಬಲ್ ಸರಿಯಿದೆ, ಸ್ಲೇವ್ ಸರಿಯಿದೆ, ಆದರೂ ಫ್ರೇಮ್ ಕಳೆದುಹೋಗುತ್ತಿದೆ ಎಂಬ ದೂರಿನ ಹಿಂದೆ ಈ ಕಾರಣ ಅಡಗಿರಬಹುದು. ಈಥರ್ನೆಟ್ ಇಂಟರಪ್ಟ್‌ಗಳನ್ನು ಬೇರೊಂದು ಕೋರ್‌ಗೆ ಕಟ್ಟಿಹಾಕಿ, ಆ ತ್ರೆಡ್‌ಗಳ ಆದ್ಯತೆಯನ್ನು ಸಿಎಚ್‌ಆರ್‌ಟಿ ಆದೇಶದಿಂದ ನಮ್ಮ ತ್ರೆಡ್‌ಗಿಂತ ತುಸು ಮೇಲಕ್ಕೆ ಏರಿಸಿದರೆ ಈ ಸಿಕ್ಕು ಬಿಡುತ್ತದೆ.

ಲೈಬ್ರರಿ

ಮುಕ್ತವಾಗಿ ಸಿಗುವ ಮಾಸ್ಟರ್‌ಗಳಲ್ಲಿ ಎರಡು ಪ್ರಮುಖ. ಐಜಿಎಚ್ ಈಥರ್‌ಕ್ಯಾಟ್ ಮಾಸ್ಟರ್ ಕರ್ನಲ್ ಮಾಡ್ಯೂಲ್ ಆಗಿ ಕೆಲಸ ಮಾಡುತ್ತದೆ. ಶಕ್ತಿಶಾಲಿಯಾದದ್ದು, ಆದರೆ ಕರ್ನಲ್ ಬದಲಾದಾಗಲೆಲ್ಲ ಅದನ್ನು ಮತ್ತೆ ಕಟ್ಟಬೇಕು. ಸಿಂಪಲ್ ಓಪನ್ ಈಥರ್‌ಕ್ಯಾಟ್ ಮಾಸ್ಟರ್, ಅಂದರೆ ಎಸ್‌ಒಇಎಂ, ಸಾಮಾನ್ಯ ಪ್ರೋಗ್ರಾಮ್‌ನೊಳಗೆ ಸೇರುವ ಸಿ ಲೈಬ್ರರಿ. ಫ್ರೇಮ್‌ಗಳನ್ನು ನೇರವಾಗಿ ಪೋರ್ಟ್‌ಗೆ ಕೊಡುವ ರಾ ಸಾಕೆಟ್ ಮೂಲಕ ಕಳುಹಿಸುತ್ತದೆ. ಮೊದಲ ಬಾರಿಗೆ ಕಟ್ಟುವವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ, ಏಕೆಂದರೆ ತಪ್ಪಾದಾಗ ಪ್ರೋಗ್ರಾಮ್ ಮಾತ್ರ ಬೀಳುತ್ತದೆ, ಇಡೀ ಬೋರ್ಡ್ ಬೀಳುವುದಿಲ್ಲ. ಉತ್ಪನ್ನವೊಂದರಲ್ಲಿ ಸೇರಿಸುವ ಉದ್ದೇಶವಿದ್ದರೆ ನೀವು ಇಳಿಸಿಕೊಂಡ ಆವೃತ್ತಿಯ ಪರವಾನಗಿ ಕಡತವನ್ನು ಮೊದಲೇ ಪೂರ್ತಿ ಓದಿ.

ಕಟ್ಟುವ ಕೆಲಸ ಸರಳ. ಬೋರ್ಡ್‌ನಲ್ಲೇ ಜಿಸಿಸಿ, ಸಿಮೇಕ್ ಮತ್ತು ಗಿಟ್ ಸ್ಥಾಪಿಸಿ, ಭಂಡಾರವನ್ನು ಕ್ಲೋನ್ ಮಾಡಿ, ಬಿಲ್ಡ್ ಎಂಬ ಪ್ರತ್ಯೇಕ ಕೋಶದಲ್ಲಿ ಸಿಮೇಕ್ ಓಡಿಸಿ, ಅನಂತರ ಮೇಕ್ ಕೊಟ್ಟರೆ ಲೈಬ್ರರಿಯೂ ಮಾದರಿ ಪ್ರೋಗ್ರಾಮ್‌ಗಳೂ ಸಿದ್ಧವಾಗುತ್ತವೆ. ರಾ ಸಾಕೆಟ್ ತೆರೆಯಲು ವಿಶೇಷ ಅನುಮತಿ ಬೇಕಾಗುವುದರಿಂದ ಹೆಚ್ಚಿನವರು ರೂಟ್ ಆಗಿ ಓಡಿಸುತ್ತಾರೆ. ಅದರ ಬದಲು ಸೆಟ್‌ಕ್ಯಾಪ್ ಮೂಲಕ ರಾ ನೆಟ್‌ವರ್ಕ್, ಆದ್ಯತೆ ಬದಲಾವಣೆ ಮತ್ತು ಮೆಮೊರಿ ಲಾಕ್ ಎಂಬ ಮೂರು ಅನುಮತಿಗಳನ್ನಷ್ಟೇ ಕೊಡುವುದು ಸುರಕ್ಷಿತ. ಪ್ರತಿ ಬಾರಿ ಕಂಪೈಲ್ ಮಾಡಿದಾಗ ಕಡತ ಹೊಸದಾಗುವುದರಿಂದ ಈ ಅನುಮತಿಯನ್ನೂ ಮತ್ತೆ ಕೊಡಬೇಕು.

ಈಗ ಮೊದಲ ಸ್ಲೇವ್ ಜೋಡಿಸಿ. ನಡುವೆ ಸ್ವಿಚ್ ಬೇಡ. ಬೋರ್ಡ್‌ನಿಂದ ನೇರವಾಗಿ ಸ್ಲೇವ್‌ನ ಇನ್ ಪೋರ್ಟ್‌ಗೆ ಕೇಬಲ್ ಹಾಕಿ. ಸ್ಲೇವ್‌ಇನ್ಫೋ ಎಂಬ ಮಾದರಿ ಪ್ರೋಗ್ರಾಮನ್ನು ಪೋರ್ಟ್‌ನ ಹೆಸರಿನೊಂದಿಗೆ ಓಡಿಸಿದರೆ ಪ್ರತಿ ಸ್ಲೇವ್‌ನ ಹೆಸರು, ಇನ್‌ಪುಟ್ ಮತ್ತು ಔಟ್‌ಪುಟ್ ಬಿಟ್‌ಗಳ ಸಂಖ್ಯೆ, ಈಗಿನ ಸ್ಥಿತಿ, ಡಿಸ್ಟ್ರಿಬ್ಯೂಟೆಡ್ ಕ್ಲಾಕ್ (ಸ್ಲೇವ್‌ಗಳ ಗಡಿಯಾರಗಳನ್ನು ಒಂದಕ್ಕೊಂದು ಹೊಂದಿಸುವ ಸೌಲಭ್ಯ) ಇದೆಯೇ ಎಂಬ ವಿವರ ಬರುತ್ತದೆ. ಮ್ಯಾಪ್ ಆಯ್ಕೆ ಕೊಟ್ಟರೆ ಯಾವ ವಸ್ತು ಎಷ್ಟನೇ ಬೈಟ್‌ನಲ್ಲಿದೆ ಎಂಬ ಪಟ್ಟಿಯೂ ಸಿಗುತ್ತದೆ. ಈ ಪಟ್ಟಿಯನ್ನು ಕಡತವಾಗಿ ಉಳಿಸಿಕೊಳ್ಳಿ; ಮುಂದೆ ಬರೆಯುವ ಪ್ರೋಗ್ರಾಮ್‌ಗೆ ಅದೇ ಆಧಾರ. ಸ್ಲೇವ್ ಒಂದೂ ಕಾಣದಿದ್ದರೆ ಪೋರ್ಟ್ ಹೆಸರು, ಕೇಬಲ್, ಸ್ಲೇವ್‌ನ 24 ವೋಲ್ಟ್ ವಿದ್ಯುತ್, ಈ ಮೂರನ್ನು ಇದೇ ಸಾಲಿನಲ್ಲಿ ಪರಿಶೀಲಿಸಿ.

ಆವರ್ತದ ತ್ರೆಡ್ ಬರೆಯುವುದು

ಪ್ರೋಗ್ರಾಮ್ ಆರಂಭದಲ್ಲೇ ಎಂಲಾಕ್‌ಆಲ್ ಕರೆದು ಮೆಮೊರಿಯನ್ನು ಲಾಕ್ ಮಾಡಬೇಕು. ಆವರ್ತದ ತ್ರೆಡ್‌ಗೆ ಎಸ್‌ಸಿಎಚ್‌ಇಡಿ ಫಿಫೋ ಎಂಬ ರಿಯಲ್ ಟೈಮ್ ನೀತಿಯಲ್ಲಿ 80ರ ಆಸುಪಾಸಿನ ಆದ್ಯತೆ ಕೊಟ್ಟು ಮೀಸಲಿಟ್ಟ ಕೋರ್‌ಗೆ ಕಟ್ಟಿ. ಆ ತ್ರೆಡ್‌ನೊಳಗೆ ಪ್ರಿಂಟ್‌ಎಫ್, ಮ್ಯಾಲಕ್, ಕಡತ ಬರೆಯುವಿಕೆ ಯಾವುದೂ ಇರಬಾರದು. ದಾಖಲಿಸಬೇಕಾದದ್ದನ್ನು ಮೆಮೊರಿಯ ಬಫರ್‌ನಲ್ಲಿಟ್ಟು ಸಾಮಾನ್ಯ ಆದ್ಯತೆಯ ಮತ್ತೊಂದು ತ್ರೆಡ್ ಬರೆದುಕೊಳ್ಳಲಿ.

ಒಂದು ಮಿಲಿಸೆಕೆಂಡ್ ನಿದ್ರಿಸು ಎಂದು ಬರೆಯುವುದು ಇಲ್ಲಿ ತಪ್ಪು, ಏಕೆಂದರೆ ಕೆಲಸಕ್ಕೆ ಹಿಡಿದ ಸಮಯ ಪ್ರತಿ ಸುತ್ತಿನಲ್ಲೂ ಅದಕ್ಕೆ ಕೂಡಿಕೊಳ್ಳುತ್ತಾ ಆವರ್ತ ಜಾರುತ್ತಾ ಹೋಗುತ್ತದೆ. ಕ್ಲಾಕ್ ನ್ಯಾನೋಸ್ಲೀಪ್‌ಗೆ ಮಾನೊಟಾನಿಕ್ ಗಡಿಯಾರವನ್ನೂ ಎಬ್‌ಸಲ್ಯೂಟ್ ಸಮಯದ ಸೂಚನೆಯನ್ನೂ ಕೊಟ್ಟು, ಮುಂದಿನ ಎಚ್ಚರದ ಕ್ಷಣಕ್ಕೆ ಪ್ರತಿ ಬಾರಿ ಹತ್ತು ಲಕ್ಷ ನ್ಯಾನೋಸೆಕೆಂಡ್ ಸೇರಿಸುತ್ತಾ ಹೋಗಬೇಕು. ಎಚ್ಚರಗೊಂಡ ಕೂಡಲೇ ಪ್ರೊಸೆಸ್ ಡೇಟಾ (ಇನ್‌ಪುಟ್-ಔಟ್‌ಪುಟ್ ಬೆಲೆಗಳು) ಕಳುಹಿಸಿ, ಉತ್ತರ ಪಡೆದು, ಮುಂದಿನ ಔಟ್‌ಪುಟ್‌ಗಳನ್ನು ಲೆಕ್ಕ ಹಾಕಿ, ಮತ್ತೆ ನಿದ್ರಿಸಬೇಕು. ಕಳುಹಿಸುವುದು ಮೊದಲಿರಲಿ, ಲೆಕ್ಕಾಚಾರ ಒಮ್ಮೆ ಉದ್ದ, ಒಮ್ಮೆ ಗಿಡ್ಡ ಆದರೂ ಫ್ರೇಮ್ ಹೊರಡುವ ಕ್ಷಣ ಅಲುಗಾಡುವುದಿಲ್ಲ.

ಮಾದರಿ ಪ್ರೋಗ್ರಾಮ್‌ಗಳಲ್ಲಿ ಉತ್ತರ ಪಡೆಯುವಾಗ ಬಳಸುವ ಕಾಲಮಿತಿಯ ಸ್ಥಿರಾಂಕದ ಬೆಲೆ 2000 ಮೈಕ್ರೋಸೆಕೆಂಡ್. ಒಂದು ಮಿಲಿಸೆಕೆಂಡಿನ ಆವರ್ತದಲ್ಲಿ ಅದನ್ನು ಹಾಗೆಯೇ ಬಿಟ್ಟರೆ, ಒಂದು ಫ್ರೇಮ್ ಕಳೆದುಹೋದಾಗ ಅದರ ಬೆನ್ನಿಗೇ ಬರುವ ಎರಡು ಆವರ್ತಗಳೂ ಹಾಳಾಗುತ್ತವೆ. ಆವರ್ತದ ಅರ್ಧಕ್ಕಿಂತ ಕಡಿಮೆ ಬೆಲೆ ಕೊಟ್ಟು, ಬಾರದ ಫ್ರೇಮನ್ನು ಕೈಬಿಟ್ಟು ಮುಂದಿನದಕ್ಕೆ ಹೊರಡುವುದೇ ಸರಿ.

ಪ್ರತಿ ಉತ್ತರದ ಜೊತೆ ಬರುವ ವರ್ಕಿಂಗ್ ಕೌಂಟರ್ ಅನ್ನು ನೋಡದೆ ಇನ್‌ಪುಟ್ ಬೆಲೆಗಳನ್ನು ನಂಬಬಾರದು. ಓದುವ ಮತ್ತು ಬರೆಯುವ ಸಂಯುಕ್ತ ಆದೇಶದಲ್ಲಿ ಸ್ಲೇವ್ ತನ್ನ ಮಾಹಿತಿ ಕೊಟ್ಟರೆ 1, ನಮ್ಮ ಮಾಹಿತಿ ಪಡೆದರೆ 2 ಕೂಡಿಸುತ್ತದೆ. ಎರಡನ್ನೂ ಮಾಡುವ ಎರಡು ಡ್ರೈವ್‌ಗಳೂ, ಇನ್‌ಪುಟ್ ಮಾತ್ರ ಇರುವ ಒಂದು ಮಾಡ್ಯೂಲೂ ಇದ್ದರೆ ನಿರೀಕ್ಷಿತ ಮೊತ್ತ 3, 3, 1 ಸೇರಿ 7. ಬಂದದ್ದು 4 ಆದರೆ ಒಂದು ಡ್ರೈವ್ ಮಾತಾಡುತ್ತಿಲ್ಲ. 6 ಆದರೆ ಯಾವುದೋ ಒಂದು ಇನ್‌ಪುಟ್ ಬಂದಿಲ್ಲ. ಮೊತ್ತ ಸರಿಯಿಲ್ಲದ ಆವರ್ತದ ಬೆಲೆಗಳನ್ನು ಬಳಸದೆ ಎಣಿಕೆಯನ್ನಷ್ಟೇ ದಾಖಲಿಸಿ, ಸ್ಲೇವ್‌ಗಳ ಸ್ಥಿತಿ ವಿಚಾರಿಸಿ ಅವನ್ನು ಮರಳಿ ತರುವ ಕೆಲಸವನ್ನು ಪ್ರತ್ಯೇಕ ತ್ರೆಡ್‌ಗೆ ವಹಿಸಿ.

ಸ್ಲೇವ್‌ಗಳು ಇನಿಟ್, ಪ್ರಿ ಆಪ್, ಸೇಫ್ ಆಪ್, ಆಪ್ ಎಂಬ ನಾಲ್ಕು ಸ್ಥಿತಿಗಳನ್ನು ಕ್ರಮವಾಗಿ ಏರುತ್ತವೆ. ಆಪ್ ಸ್ಥಿತಿ ಕೋರುವ ಮೊದಲೇ ಪ್ರೊಸೆಸ್ ಡೇಟಾ ಹರಿಯುತ್ತಿರಬೇಕು. ಔಟ್‌ಪುಟ್ ಇರುವ ಸ್ಲೇವ್‌ನ ವಾಚ್‌ಡಾಗ್ ಅವಧಿ ಸಾಮಾನ್ಯವಾಗಿ 100 ಮಿಲಿಸೆಕೆಂಡ್. ಅಷ್ಟು ಹೊತ್ತು ಮಾಹಿತಿ ಬಾರದಿದ್ದರೆ ಅದು ಹೆಕ್ಸ್ 001ಬಿ ಎಂಬ ದೋಷ ಸಂಕೇತದೊಂದಿಗೆ ಸೇಫ್ ಆಪ್‌ಗೆ ಇಳಿಯುತ್ತದೆ. ಈ ಸಂಕೇತ ಕಂಡರೆ ಸ್ಲೇವ್‌ನಲ್ಲಿ ದೋಷ ಹುಡುಕುವ ಮುನ್ನ ನಿಮ್ಮ ತ್ರೆಡ್ ಎಲ್ಲಿ ನಿಂತಿತ್ತೆಂದು ನೋಡಿ. ತೊಂದರೆ ಕೊಡುತ್ತಿದೆಯೆಂದು ವಾಚ್‌ಡಾಗ್ ಅನ್ನೇ ತೆಗೆದುಹಾಕುವುದು ಮಾತ್ರ ಎಂದಿಗೂ ಸಲ್ಲದು.

ಸರ್ವೋ ಡ್ರೈವ್ ಇದ್ದರೆ

ಬರೀ ಇನ್‌ಪುಟ್-ಔಟ್‌ಪುಟ್ ಮಾಡ್ಯೂಲ್‌ಗಳಿಗೆ ಇಷ್ಟು ಸಾಕು. ಪ್ರತಿ ಆವರ್ತದಲ್ಲೂ ಹೊಸ ಸ್ಥಾನ ಪಡೆಯುವ ಸರ್ವೋಗೆ ಡಿಸ್ಟ್ರಿಬ್ಯೂಟೆಡ್ ಕ್ಲಾಕ್ ಬೇಕು. ಸ್ಲೇವ್‌ಗಳು ತಮ್ಮ ಗಡಿಯಾರಗಳನ್ನು ಆ ಸೌಲಭ್ಯವಿರುವ ಮೊದಲ ಸ್ಲೇವ್‌ಗೆ ಹೊಂದಿಸಿಕೊಂಡು ಒಂದೇ ಕ್ಷಣದಲ್ಲಿ ಔಟ್‌ಪುಟ್ ಜಾರಿಗೆ ತರುತ್ತವೆ. ಆದರೆ ಪೈಯ ಕ್ರಿಸ್ಟಲ್ ಬೇರೆ, ಸ್ಲೇವ್‌ನ ಕ್ರಿಸ್ಟಲ್ ಬೇರೆ. ಹೊಂದಿಸದೆ ಬಿಟ್ಟರೆ ನಮ್ಮ ಫ್ರೇಮ್ ನಿಧಾನವಾಗಿ ಸರಿಯುತ್ತಾ ಒಂದು ದಿನ ಸ್ಲೇವ್‌ಗಳು ಔಟ್‌ಪುಟ್ ಜಾರಿಗೆ ತರುವ ಸಿಂಕ್ ಕ್ಷಣವನ್ನೇ ದಾಟುತ್ತದೆ. ಗಂಟೆಗಟ್ಟಲೆ ಚೆನ್ನಾಗಿ ಓಡಿದ ಯಂತ್ರ ಕಾರಣವಿಲ್ಲದೆ ದೋಷ ತೋರಿಸಿದಂತೆ ಕಾಣುತ್ತದೆ. ಪ್ರತಿ ಫ್ರೇಮ್ ಜೊತೆ ಬರುವ ಸ್ಲೇವ್ ಸಮಯವನ್ನು ಆವರ್ತದಿಂದ ಭಾಗಿಸಿ ಉಳಿದ ಶೇಷವನ್ನು ನೋಡಿ, ಅದು ಬೇಕಾದ ಬೆಲೆಯಲ್ಲೇ ನಿಲ್ಲುವಂತೆ ಮುಂದಿನ ಎಚ್ಚರದ ಕ್ಷಣವನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ತಿದ್ದುತ್ತಿರಬೇಕು.

ಡ್ರೈವ್ ಸಿಐಎ 402 ಎಂಬ ಡ್ರೈವ್‌ಗಳ ಮಾನದಂಡವನ್ನು ಅನುಸರಿಸುವುದಾದರೆ ಕಂಟ್ರೋಲ್ ವರ್ಡ್, ಅಂದರೆ ಹೆಕ್ಸ್ 6040 ಸಂಖ್ಯೆಯ ವಸ್ತುವಿಗೆ 6, 7, 15 ಎಂದು ಕ್ರಮವಾಗಿ ಬರೆಯುತ್ತಾ, ಪ್ರತಿ ಹೆಜ್ಜೆಗೂ ಸ್ಥಿತಿ ಹೇಳುವ 6041ರ ಉತ್ತರ ಸರಿಯಾದ ಮೇಲೆಯೇ ಮುಂದಕ್ಕೆ ಹೋಗಬೇಕು. 15 ಬರೆಯುವ ಮೊದಲು 6064ರಲ್ಲಿರುವ ಈಗಿನ ಸ್ಥಾನವನ್ನು ಓದಿ 607ಎಯ ಗುರಿ ಸ್ಥಾನಕ್ಕೆ ನಕಲಿಸಲೇಬೇಕು. ಅದು ಸೊನ್ನೆಯಾಗಿಯೇ ಉಳಿದಿದ್ದರೆ, ಡ್ರೈವ್ ಸಕ್ರಿಯವಾದ ಕ್ಷಣದಲ್ಲಿ ಶಾಫ್ಟ್ ಇದ್ದಲ್ಲಿಂದ ಸೊನ್ನೆಯ ಕಡೆಗೆ ಒಮ್ಮೆಲೇ ಜಿಗಿಯಲು ಹೊರಡುತ್ತದೆ. ಮೊದಲ ಪರೀಕ್ಷೆಗಳಲ್ಲಿ ಮೋಟರ್‌ನ ಶಾಫ್ಟ್‌ಗೆ ಏನನ್ನೂ ಜೋಡಿಸಬೇಡಿ, ಮತ್ತು ತುರ್ತು ನಿಲುಗಡೆ ತಂತ್ರಾಂಶವನ್ನು ಅವಲಂಬಿಸದೆ ನೇರ ತಂತಿಯಲ್ಲೇ ವಿದ್ಯುತ್ ಕಡಿಯುವಂತಿರಲಿ.

ಎಲ್ಲವೂ ಓಡಿದ ಮೇಲೆ ಪ್ರೋಗ್ರಾಮನ್ನು ಸಿಸ್ಟಮ್‌ಡಿ ಸೇವೆಯಾಗಿ ಮಾಡಿ, ನಿಲ್ಲಿಸುವ ಸಂಕೇತ ಬಂದಾಗ ಔಟ್‌ಪುಟ್‌ಗಳನ್ನು ಸುರಕ್ಷಿತ ಬೆಲೆಗೆ ತಂದು ಸ್ಲೇವ್‌ಗಳನ್ನು ಇನಿಟ್‌ಗೆ ಇಳಿಸುವಂತೆ ಬರೆಯಿರಿ. ಅನಂತರ ಓಡುತ್ತಿರುವಾಗಲೇ ಕೇಬಲ್ ಕಿತ್ತು ನೋಡಿ, ಒಂದು ಸ್ಲೇವ್‌ನ ವಿದ್ಯುತ್ ತೆಗೆದು ನೋಡಿ, ಪ್ರೋಗ್ರಾಮನ್ನು ಕಿಲ್ ಆದೇಶದಿಂದ ಹಠಾತ್ತನೆ ಕೊಂದು ನೋಡಿ. ಮೂರು ಸಂದರ್ಭದಲ್ಲೂ ಔಟ್‌ಪುಟ್‌ಗಳು ಆಫ್ ಆಗಬೇಕು, ಕೇಬಲ್ ಮರಳಿ ಹಾಕಿದಾಗ ಯಾರೂ ಆದೇಶಿಸದೆ ಮೋಟರ್ ತಿರುಗಬಾರದು. ಇವುಗಳ ಜೊತೆಗೆ ಎಚ್ಚರಗೊಳ್ಳುವಲ್ಲಿ ಆದ ಗರಿಷ್ಠ ವಿಳಂಬ ಮತ್ತು ತಪ್ಪಿದ ವರ್ಕಿಂಗ್ ಕೌಂಟರ್‌ಗಳ ಸಂಖ್ಯೆಯನ್ನು ಪ್ರೋಗ್ರಾಮ್ ನಿಮಿಷಕ್ಕೊಮ್ಮೆ ಲಾಗ್‌ಗೆ ಬರೆಯುತ್ತಿರಲಿ. ಕರ್ನಲ್ ಬದಲಿಸಿದಾಗ ಅಥವಾ ಹೊಸ ಸ್ಲೇವ್ ಸೇರಿಸಿದಾಗ ಹಳೆಯ ಸಂಖ್ಯೆಗಳ ಪಕ್ಕದಲ್ಲಿ ಹೊಸದನ್ನಿಟ್ಟು ನೋಡಿದರೆ, ಬದಲಾವಣೆಯಿಂದ ಏನು ಕೆಟ್ಟಿತೆಂಬುದು ಯಂತ್ರ ನಿಲ್ಲುವ ಮೊದಲೇ ಗೊತ್ತಾಗುತ್ತದೆ.